ಹೊಣೆ ಯಾರದು? ಪದವಿ ತರಗತಿಯಲ್ಲಿ ಅಂತರರಾಷ್ಟ್ರೀಯ ವ್ಯವಹಾರ



ಈ ದತ್ತಿ ಉಪನ್ಯಾಸಕ್ಕೆ ವಿಷಯ ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ನನಗೇ ಬಿಟ್ಟಿದ್ದೀರಿ. ಬಿ.ಕಾಂ., ಬಿಬಿಎ ತರಗತಿಗಳಲ್ಲಿ ‘ಅಂತರರಾಷ್ಟ್ರೀಯ ವ್ಯವಹಾರ’ ಎಂಬ ಪತ್ರಿಕೆಗೆ ಪಾಠ ಹೇಳಿದವನು ನಾನು. ಇವತ್ತು ಅದರ ಬಗ್ಗೆಯೇ ಮಾತಾಡುತ್ತೇನೆ.

ಈ ವಿಷಯ ಹುಡುಗರ ಕೈಗೆ ಎರಡು ದಾರಿಯಲ್ಲಿ ಬರುತ್ತದೆ. ಒಂದು, ಪ್ರವೇಶದ ಕಾಲದ ಜಾಹೀರಾತು: ವಿಮಾನ, ಭೂಗೋಳ, ಕೋಟು ತೊಟ್ಟ ನಗುಮುಖ. ಇನ್ನೊಂದು, ಪರೀಕ್ಷೆಯ ಕಾಲದ ಗೈಡು: ಅರ್ಥ, ಲಕ್ಷಣ, ಐದು ಅನುಕೂಲ, ಐದು ಅನಾನುಕೂಲ. ಮೊದಲನೆಯದು ವಿಷಯವನ್ನು ವಿದೇಶ ಪ್ರವಾಸ ಮಾಡಿಬಿಡುತ್ತದೆ, ಎರಡನೆಯದು ಬಾಯಿಪಾಠ ಮಾಡಿಬಿಡುತ್ತದೆ. ನಡುವೆ ವ್ಯವಹಾರವೇ ಕಾಣೆ.

ನಾನು ಹೇಳಬೇಕೆಂದಿರುವುದು ಒಂದೇ ಮಾತು. ಒಬ್ಬರ ಮುಖ ಒಬ್ಬರು ನೋಡದ ಇಬ್ಬರು, ಬೇರೆ ಬೇರೆ ಕಾನೂನಿನ ಕೆಳಗೆ ಕೂತು, ಕೊಡು-ಕೊಳ್ಳುವುದು ಹೇಗೆ ಸಾಧ್ಯವಾಯಿತು ಎಂಬುದೇ ಈ ಶಾಸ್ತ್ರದ ಮೂಲ ಪ್ರಶ್ನೆ. ಅದನ್ನು ಕಲಿಯಲು ಒಂದು ಸುಲಭ ದಾರಿ ಇದೆ. ಸರಕು ಹೊಲದಿಂದ ಹೊರಟು ಪರದೇಶದ ಅಂಗಡಿ ಸೇರುವವರೆಗೆ, ಪ್ರತಿ ಹೆಜ್ಜೆಯಲ್ಲೂ ‘ಈಗ ಕೆಟ್ಟರೆ ಹೊಣೆ ಯಾರದು?’ ಎಂದು ಕೇಳುತ್ತ ಹೋಗುವುದು.

1. ನಾವು ತಿನ್ನದ ಬೆಳೆ

ಉದಾಹರಣೆಗೆ ಮಿಡಿಸೌತೆಯನ್ನೇ ತೆಗೆದುಕೊಳ್ಳೋಣ. ಪೇಟೆಯವರು ಗರ್ಕಿನ್ ಎನ್ನುತ್ತಾರೆ. ತುಮಕೂರು, ಹಾಸನ, ದಾವಣಗೆರೆ, ಹಾವೇರಿ ಕಡೆಯ ಸಣ್ಣ ರೈತರು ಬೆಳೆಯುತ್ತಾರೆ. ಕರ್ನಾಟಕಕ್ಕೆ ಇದು ಬಂದು ಗಟ್ಟಿಯಾಗಿ ನೆಲೆಯೂರಿದ್ದು 1990ರ ದಶಕದ ಆರಂಭದಲ್ಲಿ. ಇವತ್ತು ಪ್ರಪಂಚದ ಗರ್ಕಿನ್ ರಫ್ತಿನಲ್ಲಿ ಭಾರತ ಮುಂಚೂಣಿಯಲ್ಲಿದೆ, ಭಾರತದೊಳಗೆ ಕರ್ನಾಟಕ ಮುಂದಿದೆ. ಆದರೆ ನಮ್ಮ ಸಂತೆಯಲ್ಲಿ ಇದನ್ನು ಕೇಳುವವರಿಲ್ಲ. ಅಮೆರಿಕ, ಯೂರೋಪು, ರಷ್ಯಗಳ ಬರ್ಗರಿನೊಳಗೆ, ಗಾಜಿನ ಜಾಡಿಯೊಳಗೆ ಅದರ ಗಿರಾಕಿ ಇದ್ದಾನೆ.

ಊರಲ್ಲಿ ಮಾರುಕಟ್ಟೆಯೇ ಇಲ್ಲದ ಬೆಳೆಯನ್ನು ರೈತ ನೆಚ್ಚಿಕೊಂಡದ್ದು ಒಪ್ಪಂದದ ಮೇಲೆ. ರಫ್ತು ಕಂಪನಿ ಬೀಜ, ಗೊಬ್ಬರ, ಔಷಧಿಗಳನ್ನು ಸಾಲವಾಗಿ ಕೊಡುತ್ತದೆ, ದರವನ್ನು ಬಿತ್ತನೆಗೆ ಮೊದಲೇ ಗೊತ್ತುಮಾಡುತ್ತದೆ, ಕಾಯಿ ಕೊಂಡ ಮೇಲೆ ಸಾಲ ಮುರಿದುಕೊಂಡು ಉಳಿದದ್ದನ್ನು ಕೊಡುತ್ತದೆ. ದರ ನಿಂತಿರುವುದು ಗಾತ್ರದ ಮೇಲೆ. ಕಿಲೋಗೆ ಎಷ್ಟು ಕಾಯಿ ತೂಗುತ್ತದೆ ಎಂಬುದೇ ಗ್ರೇಡು: ಕಾಯಿ ಸಣ್ಣದಾದಷ್ಟೂ ಬೆಲೆ ಹೆಚ್ಚು. ಹಾಗಾಗಿ ಕೊಯ್ಲು ದಿನನಿತ್ಯದ ಕೆಲಸ. ಮನೆಯಲ್ಲಿ ಮದುವೆ ಎಂದು, ಆಳು ಬರಲಿಲ್ಲವೆಂದು ಒಂದು ದಿನ ಬಿಟ್ಟರೆ, ಮೊದಲ ಗ್ರೇಡಿನ ಕಾಯಿ ಮಾರನೆಯ ದಿನಕ್ಕೆ ಕೆಳಗಿನ ಗ್ರೇಡಿಗೆ ಇಳಿದಿರುತ್ತದೆ. ತೂಕ ಹೆಚ್ಚಾಯಿತು, ಕಾಸು ಕಡಿಮೆಯಾಯಿತು.

ಇಲ್ಲಿ ಹೊಣೆ ಯಾರದು? ದರ ಬೀಳುವ ಅಪಾಯ ಕಾಗದದ ಪ್ರಕಾರ ಕಂಪನಿಯದು. ಮಳೆ, ರೋಗ, ಆಳಿನ ಕೊರತೆ, ತಿರಸ್ಕೃತ ಕಾಯಿ, ಇವೆಲ್ಲ ರೈತನವು. ಔಷಧಿಯ ಅಂಶ ಹೆಚ್ಚಿದೆ ಎಂದು ಯೂರೋಪಿನ ಪ್ರಯೋಗಾಲಯ ಹೇಳಿದರೆ ಸರಕು ಅಲ್ಲಿ ನಿಲ್ಲುತ್ತದೆ. ತಪ್ಪಿನ ಹುಡುಕಾಟ ಮಾತ್ರ ಇಲ್ಲಿನ ಹೊಲಕ್ಕೆ ವಾಪಸು ಬರುತ್ತದೆ. ಯಾವ ತೋಟದ ಕಾಯಿ, ಯಾವತ್ತು ಏನು ಸಿಂಪಡಿಸಿದರು ಎಂಬ ದಾಖಲೆಯನ್ನು ಕಂಪನಿಗಳು ಇಡುವುದು ಇದಕ್ಕೇ. ವಿದ್ಯಾರ್ಥಿಯೊಬ್ಬ ಈ ಒಪ್ಪಂದದ ಒಂದು ಪ್ರತಿಯನ್ನು ಎದುರಿಗಿಟ್ಟುಕೊಂಡು ಓದಿದರೆ, ‘ಅನುಕೂಲಗಳು, ಅನಾನುಕೂಲಗಳು’ ಎಂಬ ಪಟ್ಟಿ ತಾನಾಗಿಯೇ ಮೂಡುತ್ತದೆ. ಯಾರಿಗೆ ಅನುಕೂಲ, ಯಾರಿಗೆ ಅನಾನುಕೂಲ ಎಂಬುದೂ ಅದರ ಜೊತೆಗೇ ಕಾಣುತ್ತದೆ.

2. ಬ್ಯಾಂಕು ಸೌತೆಯನ್ನು ನೋಡುವುದಿಲ್ಲ

ಕಾಯಿ ಕಾರ್ಖಾನೆಗೆ ಬಂತು. ಉಪ್ಪುನೀರಿನಲ್ಲಿಟ್ಟು ತಾತ್ಕಾಲಿಕವಾಗಿ ಕೆಡದಂತೆ ಮಾಡಿದರೆ ಅದು 0711.40 ಎಂಬ ಸಂಖ್ಯೆಯ ಸರಕು. ತಿನ್ನಲು ಸಿದ್ಧವಾಗುವಂತೆ ವಿನೆಗರಿನಲ್ಲಿಟ್ಟರೆ 2001.10. ಇದು ಹಾರ್ಮೊನೈಸ್ಡ್ ಸಿಸ್ಟಮ್ ಎಂಬ ವರ್ಗೀಕರಣ. 1988ರ ಜನವರಿಯಿಂದ ಜಾರಿಯಲ್ಲಿದೆ. ಮೊದಲ ಆರು ಅಂಕಿ ಅದನ್ನು ಒಪ್ಪಿದ ಎಲ್ಲ ದೇಶಗಳಿಗೂ ಒಂದೇ. ನಮ್ಮಲ್ಲಿ ಎಂಟು ಅಂಕಿ ಬರೆಯುತ್ತೇವೆ. ಅದೇ ಬಳ್ಳಿಯ ಅದೇ ಕಾಯಿ, ಯಾವ ನೀರಿನಲ್ಲಿ ಮುಳುಗಿದೆ ಎಂಬುದರ ಮೇಲೆ ಅದರ ಅಧ್ಯಾಯ ಬೇರೆ, ಸುಂಕವೂ ಬೇರೆಯಾಗಬಹುದು.

ಕಾಯಿ ತುಂಬಿದ ಪೀಪಾಯಿಗಳು ಕಂಟೇನರಿಗೆ ಹೋದವು. ಕಸ್ಟಮ್ಸ್‌ಗೆ ಕೊಡಬೇಕಾದ ಶಿಪ್ಪಿಂಗ್ ಬಿಲ್ ಆನ್‌ಲೈನಿನಲ್ಲಿ ದಾಖಲಾಯಿತು. ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ ಒಳನಾಡಿನ ಕಂಟೇನರ್ ಡಿಪೊ ಇದೆ. ಸಮುದ್ರವಿಲ್ಲದ ಊರಿನಲ್ಲೇ ಕಸ್ಟಮ್ಸ್ ತಪಾಸಣೆ ಮುಗಿದು, ರೈಲಿನಲ್ಲಿ ಚೆನ್ನೈ ಬಂದರಿಗೆ ಹೋಗಬಹುದು. ಇನ್ನು ದುಡ್ಡಿನ ಮಾತು. ಹಡಗು ಹೊರಟ ಮೇಲೆ ಕೊಳ್ಳುವವನು ಕೈ ಎತ್ತಿದರೆ? ದುಡ್ಡು ಮೊದಲೇ ಕೊಟ್ಟು ಸರಕು ಬರದಿದ್ದರೆ? ಈ ಎರಡು ಅಂಜಿಕೆಗಳ ನಡುವೆ ಬ್ಯಾಂಕು ಕೂರುತ್ತದೆ. ಅದರ ಹೆಸರು ಲೆಟರ್ ಆಫ್ ಕ್ರೆಡಿಟ್, ರೂಢಿಯಲ್ಲಿ ಎಲ್‌ಸಿ. ‘ಇಂತಿಂಥ ಕಾಗದ ಸರಿಯಾಗಿ ತಂದುಕೊಟ್ಟರೆ ದುಡ್ಡು ನಾನು ಕೊಡುತ್ತೇನೆ’ ಎಂಬ ವಾಗ್ದಾನ ಅದು. ಪ್ಯಾರಿಸಿನಲ್ಲಿರುವ ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿ ಇದಕ್ಕೆ ನಿಯಮಗಳನ್ನು ರೂಪಿಸಿದೆ. ಈಗಿನದು ಯುಸಿಪಿ 600, 2007ರ ಜುಲೈ 1ರಿಂದ ಬಳಕೆಯಲ್ಲಿದೆ.

ಬ್ಯಾಂಕು ವ್ಯವಹರಿಸುವುದು ಕಾಗದದ ಜೊತೆ, ಸರಕಿನ ಜೊತೆ ಅಲ್ಲ. ಪೀಪಾಯಿಯೊಳಗೆ ಸೌತೆ ಇದೆಯೋ ಬರೀ ನೀರಿದೆಯೋ ಅದು ತೆರೆದು ನೋಡುವುದಿಲ್ಲ. ಕಾಗದ ನೋಡಲು ಅದಕ್ಕೆ ಐದು ಬ್ಯಾಂಕಿಂಗ್ ದಿನ ಕಾಲಾವಕಾಶ. ಎಲ್‌ಸಿಯಲ್ಲಿ ಬೇರೆ ಗಡುವು ಹೇಳದಿದ್ದರೆ, ಹಡಗಿಗೆ ಏರಿಸಿದ 21 ದಿನದೊಳಗೆ ಕಾಗದಗಳು ಬ್ಯಾಂಕು ಸೇರಬೇಕು.

ಒಂದು ಸಣ್ಣ ಲೆಕ್ಕ ಮಾಡೋಣ. ಎಲ್‌ಸಿಯಲ್ಲಿ ‘20,000 ಕಿಲೋ’ ಎಂದಿದೆ ಅನ್ನಿ. ನೀವು 19,500 ಕಿಲೋ ಕಳಿಸಿದಿರಿ. ನಿಯಮದಲ್ಲಿ ಶೇ 5ರಷ್ಟು ಹೆಚ್ಚುಕಡಿಮೆಗೆ ಅವಕಾಶವಿದೆ. ಎಲ್‌ಸಿಯ ಮೊತ್ತ ಮೀರದಿದ್ದರೆ ಆಯಿತು. ದುಡ್ಡು ಬರುತ್ತದೆ. ಅದೇ ಎಲ್‌ಸಿಯಲ್ಲಿ ‘80 ಪೀಪಾಯಿ’ ಎಂದಿದ್ದು ನೀವು 78 ಕಳಿಸಿದರೆ? ವ್ಯತ್ಯಾಸ ಮೊದಲಿನಷ್ಟೇ, ಶೇ 2.5. ಆದರೆ ಎಣಿಕೆಯಲ್ಲಿ ಹೇಳಿದ ಪರಿಮಾಣಕ್ಕೆ ಆ ರಿಯಾಯಿತಿ ಇಲ್ಲ. ಬ್ಯಾಂಕು ಕಾಗದದಲ್ಲಿ ದೋಷವಿದೆಯೆಂದು ಹಿಂದಿರುಗಿಸಬಹುದು. ಕೊಳ್ಳುವವನು ಮನಸ್ಸು ಮಾಡಿದರೆ ಮಾತ್ರ ಹಣ. ಅವನು ಆ ಹೊತ್ತಿಗೆ ಬೆಲೆ ಇಳಿಸು ಎನ್ನದೆ ಇರುತ್ತಾನೆಯೇ? ಒಂದು ಸಾಲನ್ನು ಯಾರು ಹೇಗೆ ಬರೆಸಿದರು ಎಂಬುದರ ಮೇಲೆ ಹೊಣೆ ಪೂರ್ತಿ ಪಕ್ಕ ಬದಲಾಯಿಸಿತು. ಬಿ.ಕಾಂ. ಹುಡುಗನಿಗೆ ಇದು ಅರ್ಥವಾಗದ ವಿಷಯವೇ? ಖಂಡಿತ ಅಲ್ಲ. ನಾವು ತೋರಿಸುವುದಿಲ್ಲ, ಅಷ್ಟೆ.

3. ಸಿಐಎಫ್ ಎಂಬ ಪರೀಕ್ಷೆ

ನನ್ನ ತರಗತಿಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಕೇಳುತ್ತಿದ್ದೆ. ಸರಕನ್ನು ಸಿಐಎಫ್ ಹ್ಯಾಂಬರ್ಗ್ ಎಂದು ಮಾರಿದ್ದೀರಿ. ಅಂದರೆ ಹಡಗಿನ ಬಾಡಿಗೆ ನಿಮ್ಮದು, ವಿಮೆ ನಿಮ್ಮದು. ನಡುಗಡಲಿನಲ್ಲಿ ಹಡಗು ಮುಳುಗಿತು. ನಷ್ಟ ಯಾರದು? ಬಹುಪಾಲು ಕೈಗಳು ‘ಮಾರುವವನದು’ ಎಂದು ಏಳುತ್ತಿದ್ದವು. ತರ್ಕವೂ ಸರಿಯಾಗಿಯೇ ಕಾಣುತ್ತದೆ: ಹ್ಯಾಂಬರ್ಗಿನವರೆಗೆ ದುಡ್ಡು ಕೊಟ್ಟವನು ಅಲ್ಲಿಯವರೆಗೆ ಹೊಣೆಗಾರ.

ಉತ್ತರ ಹಾಗಿಲ್ಲ. 1936ರಲ್ಲಿ ಮೊದಲು ಬಂದು, ಈಗ 2020ರ ಆವೃತ್ತಿಯಲ್ಲಿರುವ, ಅದೇ ವಾಣಿಜ್ಯ ಮಂಡಳಿಯ ಇನ್‌ಕೋಟರ್ಮ್ಸ್ ನಿಯಮಗಳ ಪ್ರಕಾರ, ಸಿಐಎಫ್‌ನಲ್ಲಿ ಸರಕು ಇಲ್ಲಿನ ಬಂದರಿನಲ್ಲಿ ಹಡಗು ಏರಿದ ಕ್ಷಣಕ್ಕೆ ಅಪಾಯ ಕೊಳ್ಳುವವನ ತಲೆಗೆ ಹೋಗುತ್ತದೆ. ಬಾಡಿಗೆ, ವಿಮೆ ಎರಡೂ ಕೊಳ್ಳುವವನದಾದ ಎಫ್‌ಒಬಿಯಲ್ಲೂ ಅದೇ ಕ್ಷಣ. ಸಿಐಎಫ್‌ನಲ್ಲಿ ಖರ್ಚು ಒಬ್ಬನದು, ಅಪಾಯ ಇನ್ನೊಬ್ಬನದು. ವಿಮೆ ಮಾಡಿಸಿದವನು ಮಾರುವವನು, ಪರಿಹಾರ ಕೇಳುವವನು ಕೊಳ್ಳುವವನು. ಖರ್ಚು ಮತ್ತು ಹೊಣೆ ಎರಡೂ ಬೇರೆ ಎಂಬುದು ತಲೆಗೆ ಹೊಕ್ಕ ದಿನ ವಿದ್ಯಾರ್ಥಿ ಈ ಶಾಸ್ತ್ರದ ಹೊಸ್ತಿಲು ದಾಟಿದ ಹಾಗೆ. ಹನ್ನೊಂದು ನಿಬಂಧನೆಗಳ ವಿಸ್ತೃತ ಹೆಸರು ಬಾಯಿಪಾಠ ಮಾಡಿದವರಿಗೆ ಈ ತಿಳಿವು ಸಿಕ್ಕಿರುವುದಿಲ್ಲ.

ಇನ್ನೂ ಒಂದು ಸೂಕ್ಷ್ಮವಿದೆ. ಕಂಟೇನರನ್ನು ನಾವು ಹಡಗಿನ ಮೇಲೆ ಇಡುವುದಿಲ್ಲ, ಟರ್ಮಿನಲ್ಲಿನಲ್ಲಿ ಒಪ್ಪಿಸಿ ಬರುತ್ತೇವೆ. ಅಲ್ಲಿಂದ ಹಡಗು ಏರುವವರೆಗಿನ ದಿನಗಳ ಅಪಾಯ ಎಫ್‌ಒಬಿಯಲ್ಲಿ ಇನ್ನೂ ಮಾರುವವನದೇ, ಸರಕಿನ ಮೇಲೆ ಅವನ ಹಿಡಿತ ಮಾತ್ರ ತಪ್ಪಿಹೋಗಿರುತ್ತದೆ. ಕಂಟೇನರ್ ಸರಕಿಗೆ, ಸಾಗಣೆದಾರನಿಗೆ ಒಪ್ಪಿಸಿದಾಗಲೇ ಅಪಾಯ ದಾಟುವ ಎಫ್‌ಸಿಎ ವಾಸಿ ಎಂದು ವಾಣಿಜ್ಯ ಮಂಡಳಿಯೇ ಸಲಹೆ ಕೊಡುತ್ತದೆ. ಆದರೂ ಪೇಟೆಯಲ್ಲಿ ಎಫ್‌ಒಬಿಯೇ ರೂಢಿ. ನಿಯಮ ಮತ್ತು ರೂಢಿಯ ನಡುವಿನ ಈ ಬಿರುಕು ಪುಸ್ತಕಕ್ಕೆ ಬರುವುದಿಲ್ಲ, ಗೋದಾಮಿನಲ್ಲಿ ಕಾಣುತ್ತದೆ.

4. ದೂರದ ಗದ್ದಲ, ಹತ್ತಿರದ ನಷ್ಟ

2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾಯಿತು. 1869ರಲ್ಲಿ ತೆರೆದ ಸೂಯೆಜ್ ಕಾಲುವೆಯನ್ನು ಬಿಟ್ಟು, ಹಡಗು ಕಂಪನಿಗಳು ಆಫ್ರಿಕದ ತುದಿ ಸುತ್ತಿಕೊಂಡು ಹೋಗತೊಡಗಿದವು. ದಿನ ಹೆಚ್ಚಿತು, ಬಾಡಿಗೆ ಹೆಚ್ಚಿತು. ಸಿಐಎಫ್ ಲೆಕ್ಕದಲ್ಲಿ ಮೊದಲೇ ಬೆಲೆ ಒಪ್ಪಿಕೊಂಡವರಿಗೆ ಏರಿದ ಬಾಡಿಗೆ ಕೈಯಿಂದ ಹೋಯಿತು. ಎಫ್‌ಒಬಿಯಲ್ಲಿ ಮಾರಿದವರಿಗೆ ಆ ಪೆಟ್ಟು ನೇರವಾಗಿ ಬೀಳಲಿಲ್ಲ, ಮುಂದಿನ ಆರ್ಡರಿನ ಚೌಕಾಸಿಯಲ್ಲಿ ಬಂತು.

2025ರ ಆಗಸ್ಟ್‌ನಲ್ಲಿ ಅಮೆರಿಕ ಭಾರತದ ಅನೇಕ ಸರಕುಗಳ ಮೇಲೆ ಹೆಚ್ಚುವರಿ ಸುಂಕವನ್ನು ಎರಡು ಕಂತಿನಲ್ಲಿ ಶೇ 50ಕ್ಕೆ ಏರಿಸಿತು. ಕಾನೂನಿನ ಪ್ರಕಾರ ಅಂಥ ಸುಂಕ ಕಟ್ಟುವವನು ಅಲ್ಲಿನ ಆಮದುದಾರ. ಆದರೆ ‘ಅರ್ಧ ನೀನು ಹೊತ್ತುಕೋ’ ಎಂದು ಅವನು ಪಟ್ಟು ಹಿಡಿದರೆ, ಇಲ್ಲಿನವನಿಗೆ ಬೇರೆ ಗಿರಾಕಿ ಇಲ್ಲದಿದ್ದರೆ? ಕಾಗದದಲ್ಲಿ ಹೊಣೆ ಹೊತ್ತವನು ಒಬ್ಬ, ನಿಜದಲ್ಲಿ ಭಾರ ಹೊತ್ತವನು ಇನ್ನೊಬ್ಬ. ಯಾರ ಕೈ ಮೇಲಿದೆ ಎಂಬುದು ಅದನ್ನು ತೀರ್ಮಾನಿಸುತ್ತದೆ.

ಹಾಗೆಯೇ ರೂಪಾಯಿ. 20,000 ಡಾಲರಿನ ಬಿಲ್ಲು, 60 ದಿನದ ವಾಯಿದೆ. ಡಾಲರು ಒಂದು ರೂಪಾಯಿ ಇಳಿದರೆ ಕೈಗೆ ಬರುವುದರಲ್ಲಿ 20,000 ರೂಪಾಯಿ ಖೋತಾ. ಬ್ಯಾಂಕಿನ ಜೊತೆ ಫಾರ್ವರ್ಡ್ ಒಪ್ಪಂದ ಮಾಡಿಕೊಂಡರೆ ದರ ಇವತ್ತೇ ಗಟ್ಟಿಯಾಗುತ್ತದೆ, ಮುಂದೆ ಡಾಲರು ಏರಿದರೆ ಆ ಲಾಭವೂ ಕೈತಪ್ಪುತ್ತದೆ.

5. ಸಿದ್ಧಾಂತ ಬೇಡವೇ?

ಬೇಕು, ಸರಕಿನ ಹಿಂದೆ ಬರಲಿ. ರಿಕಾರ್ಡೊ 1817ರಲ್ಲಿ ಇಂಗ್ಲೆಂಡಿನ ಬಟ್ಟೆ, ಪೋರ್ಚುಗಲ್ಲಿನ ದ್ರಾಕ್ಷಾರಸವನ್ನಿಟ್ಟು ತುಲನಾತ್ಮಕ ಅನುಕೂಲವನ್ನು ವಿವರಿಸಿದ. ಹುಡುಗರು ಅದನ್ನು ಬರೆದು ಅಂಕ ತೆಗೆಯುತ್ತಾರೆ. ಗರ್ಕಿನ್ ತುಮಕೂರಿಗೆ ಏಕೆ ಬಂತು ಎಂದು ಕೇಳಿದರೆ ಸುಮ್ಮನಾಗುತ್ತಾರೆ. ಎಳೆಗಾಯಿಯನ್ನು ಕೈಯಿಂದಲೇ, ದಿನವೂ ಬಿಡಿಸಬೇಕು. ಯೂರೋಪಿನಲ್ಲಿ ಕೂಲಿ ದುಬಾರಿ, ಬೆಳೆ ಬರುವ ತಿಂಗಳು ಕಡಿಮೆ. ನಮ್ಮಲ್ಲಿ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಬೆಳೆ ತೆಗೆಯಬಹುದು, ಮನೆಮಂದಿಯೆಲ್ಲ ಕೊಯ್ಲಿಗೆ ಇಳಿಯುತ್ತಾರೆ. ರಿಕಾರ್ಡೊ ಇಲ್ಲೇ ಇದ್ದಾನೆ. ಜೊತೆಗೆ ಅವನನ್ನೇ ಕೇಳಬೇಕಾದ ಪ್ರಶ್ನೆಯೂ ಇದೆ: ಈ ಅನುಕೂಲದಲ್ಲಿ ಮನೆಯ ಹೆಣ್ಣುಮಕ್ಕಳ ದುಡಿಮೆಗೆ ಹಾಕಿದ ಬೆಲೆ ಎಷ್ಟು?

ಚರಿತ್ರೆಯೂ ನಮ್ಮ ಹತ್ತಿರವೇ ಇದೆ. ಐಹೊಳೆಯ ಹೆಸರು ಹೊತ್ತ ಅಯ್ಯಾವೊಳೆ ಐನೂರ್ವರು ವರ್ತಕ ಸಂಘ ಕಟ್ಟಿ, ಬಣಂಜುಧರ್ಮವೆಂಬ ತಮ್ಮದೇ ವರ್ತಕ ಕಟ್ಟಳೆಯನ್ನು ಇಟ್ಟುಕೊಂಡು ದೇಶಾಂತರ ವ್ಯಾಪಾರ ಮಾಡಿದವರು. ಸುಮಾತ್ರದ ಬಾರುಸ್ ಬಳಿ ಸಿಕ್ಕ, 1088ರ ತಮಿಳು ಶಾಸನವೊಂದು ಐನೂರ್ವರನ್ನು ಹೆಸರಿಸುತ್ತದೆ. ಎಲ್‌ಸಿ ಇಲ್ಲದ ಕಾಲದಲ್ಲಿ ಒಬ್ಬ ವರ್ತಕನ ಮಾತಿಗೆ ಬೆನ್ನಾಗಿ ಇಂಥ ಸಂಘಗಳು ನಿಂತವು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಸ್ವಿಟ್ಜರ್ಲೆಂಡಿನ ಸಂಸ್ಥೆ, ನೇತ್ರಾವತಿಯ ಜೇಡಿ, ಕಡಲಾಚೆಯ ಗಿರಾಕಿ. ಬಹುರಾಷ್ಟ್ರೀಯ ಸಂಸ್ಥೆ ಎಂಬ ಅಧ್ಯಾಯಕ್ಕೆ ಇದಕ್ಕಿಂತ ಸಮೀಪದ ಉದಾಹರಣೆ ಬೇಕೆ?

6. ತರಗತಿಗೆ ನಾಲ್ಕು ಸಲಹೆ

ಪಠ್ಯಕ್ರಮ ಬದಲಾಗುತ್ತಲೇ ಇರುತ್ತದೆ. 2021ರಲ್ಲಿ ನಾಲ್ಕು ವರ್ಷದ ಪದವಿ ಬಂತು, 2024ರಲ್ಲಿ ರಾಜ್ಯ ಮೂರು ವರ್ಷಕ್ಕೆ ಮರಳಿತು. ಅದೇ ವರ್ಷ ಬಿಬಿಎ ಕೋರ್ಸು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ (ಎಐಸಿಟಿಇ) ವ್ಯಾಪ್ತಿಗೆ ಹೋಯಿತು. ನಾನು ಹೇಳುವ ಕೆಲಸಗಳಿಗೆ ಯಾವ ಆದೇಶವೂ ಬೇಕಿಲ್ಲ.

ಒಂದು, ಪ್ರತಿ ವಿದ್ಯಾರ್ಥಿಯೂ ತನ್ನ ತಾಲ್ಲೂಕಿನಿಂದ ಹೊರದೇಶಕ್ಕೆ ಹೋಗುವ ಒಂದು ಸರಕನ್ನು ಹಿಡಿದು ಅದರ ಕಡತ ಮಾಡಲಿ: ಕೊಡಗಿನವರಿಗೆ ಕಾಫಿ, ಬ್ಯಾಡಗಿಯವರಿಗೆ ಮೆಣಸಿನಕಾಯಿ, ಮಂಗಳೂರಿನವರಿಗೆ ಗೋಡಂಬಿ. ಗೋಡಂಬಿ ಹಿಡಿದವರಿಗೆ ಆಮದೂ ಸಿಗುತ್ತದೆ, ಕಚ್ಚಾ ಬೀಜ ಆಫ್ರಿಕದಿಂದ ಬರುತ್ತದೆ. ಎರಡು, ಇನ್‌ವಾಯ್ಸ್, ಪ್ಯಾಕಿಂಗ್ ಪಟ್ಟಿ, ಬಿಲ್ ಆಫ್ ಲೇಡಿಂಗ್, ಎಲ್‌ಸಿ, ಇವುಗಳ ಒಂದು ಕಟ್ಟನ್ನು ಬೇಕೆಂದೇ ತಪ್ಪು ಸೇರಿಸಿ ಕೊಟ್ಟು, ತಪ್ಪು ಹುಡುಕಿಸಿ. ಪರೀಕ್ಷೆಯಲ್ಲೂ ಇಂಥ ಒಂದು ಪ್ರಶ್ನೆ ಇರಲಿ. ಮೂರು, ಗೋಡೆಯ ಮೇಲೆ ಭೂಪಟವಿರಲಿ. ಸೂಯೆಜ್ ಎಲ್ಲಿದೆ ಎಂದು ತಿಳಿಯದೆ ಬಾಡಿಗೆ ಏಕೆ ಏರಿತು ಎಂಬುದು ತಿಳಿಯದು. ನಾಲ್ಕು, ವಿವರಣೆ ಕನ್ನಡದಲ್ಲಿ ನಡೆಯಲಿ, ಪತ್ರ ಬರೆಯುವ ಅಭ್ಯಾಸ ಇಂಗ್ಲಿಷಿನಲ್ಲಿ ಆಗಲಿ. ಸಿಐಎಫ್‌ನ ಹೊಣೆಯನ್ನು ತಾಯ್ನುಡಿಯಲ್ಲಿ ವಾದಿಸಿ ಗೆದ್ದವನು ಇಂಗ್ಲಿಷಿನ ಎರಡು ಸಾಲಿನಲ್ಲಿ ಎಡವುವುದಿಲ್ಲ.

ಉದ್ಯೋಗದ ಬಗ್ಗೆ ಮುಚ್ಚುಮರೆ ಬೇಡ. ಈ ಪತ್ರಿಕೆ ಓದಿದ ಮಾತ್ರಕ್ಕೆ ಯಾರೂ ನಿಮ್ಮನ್ನು ಹ್ಯಾಂಬರ್ಗಿಗೆ ಕಳಿಸುವುದಿಲ್ಲ. ಮೊದಲ ಕೆಲಸ ಸಾಮಾನ್ಯವಾಗಿ ರಫ್ತು ಕಂಪನಿಯ ದಾಖಲೆ ವಿಭಾಗದಲ್ಲಿ, ಕಸ್ಟಮ್ಸ್ ಬ್ರೋಕರ್ ಕಚೇರಿಯಲ್ಲಿ, ಸರಕು ಸಾಗಣೆ ಏರ್ಪಡಿಸುವ ಫಾರ್ವರ್ಡರ್ ಬಳಿ, ಬ್ಯಾಂಕಿನ ವಿದೇಶಿ ವಿನಿಮಯ ಶಾಖೆಯಲ್ಲಿ. ಸಂಬಳ ಸಾಧಾರಣ. ಆದರೆ ಒಂದು ಸರಕಿನ ಪೂರ್ತಿ ಜಾತಕ ಕೈಗೆ ಸಿಗುವ ಜಾಗ ಅದು. ಮುಂದೆ ಓದುವವರಿಗೆ 1963ರಲ್ಲಿ ದೆಹಲಿಯಲ್ಲಿ ಆರಂಭವಾದ ಭಾರತೀಯ ವಿದೇಶ ವ್ಯಾಪಾರ ಸಂಸ್ಥೆಯಂಥ ಕಡೆ ದಾರಿ ಇದೆ. ಅಲ್ಲಿಗೆ ಹೋಗುವಾಗ ನಿಮ್ಮ ತಾಲ್ಲೂಕಿನ ಕಡತ ಜೊತೆಗಿದ್ದರೆ, ಉಳಿದವರಿಗಿಂತ ಒಂದು ಹೆಜ್ಜೆ ಮುಂದಿರುತ್ತೀರಿ.

ಕೊನೆಯದಾಗಿ ದತ್ತಿಯ ದಾನಿಗಳಲ್ಲಿ ಒಂದು ಕೋರಿಕೆ. ಈ ನಿಧಿಯಿಂದ ವರ್ಷಕ್ಕೊಂದು ಉಪನ್ಯಾಸ ನಡೆಯುತ್ತಿದೆ, ಸಂತೋಷ. ಅದರ ಬಡ್ಡಿಯಲ್ಲಿ ಸ್ವಲ್ಪ ಭಾಗವನ್ನು ವಿದ್ಯಾರ್ಥಿಗಳು ಸಿದ್ಧಪಡಿಸುವ ಇಂಥ ಕಡತಗಳಲ್ಲಿ ಉತ್ತಮವಾದದ್ದಕ್ಕೆ ಬಹುಮಾನವಾಗಿ ಇಡಿ. ತೀರ್ಪುಗಾರರಲ್ಲಿ ಒಬ್ಬರು ಅಧ್ಯಾಪಕರು, ಒಬ್ಬರು ರಫ್ತುದಾರರು, ಒಬ್ಬರು ಆ ಸರಕನ್ನು ಬೆಳೆದ ರೈತರು ಇರಲಿ. ಕಡತದಲ್ಲಿ ಹೊಣೆಯ ಲೆಕ್ಕ ಸರಿಯಾಗಿದೆಯೇ ಎಂದು ಹೇಳಲು ಮೂವರೂ ಬೇಕು.