ಘಟ್ಟದ ಮೇಲಿನವರ ಕಡಲು

ಶಿಕಾರಿಪುರ, ಸೊರಬದ ನದಿಗಳಿಗೆ ಒಂದು ವಿಚಿತ್ರ ಹಟ. ಅರಬ್ಬಿ ಸಮುದ್ರ ಘಟ್ಟದಾಚೆಗೇ ಇದ್ದರೂ ಅದಕ್ಕೆ ಬೆನ್ನು ಹಾಕುತ್ತವೆ. ಕುಮುದ್ವತಿ ಅಂಜನಾಪುರದ ಅಣೆಕಟ್ಟಿನಲ್ಲಿ ತುಸು ತಂಗಿ, ದಂಡಾವತಿ ವರದೆಯ ಕೈಹಿಡಿದು, ತುಂಗಭದ್ರೆ, ಕೃಷ್ಣೆಯರ ಜೊತೆ ಬಂಗಾಳ ಕೊಲ್ಲಿಗೆ ಹೊರಡುತ್ತವೆ.

ಜನ ಮಾತ್ರ ಪಡುವಣಕ್ಕೇ ಇಳಿಯುತ್ತಾರೆ.

ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪದತ್ತ ದೋಣಿಗಳು ಹೋಗುತ್ತವೆ. ಸಿರಿವಂತರ ವಿಹಾರನೌಕೆಯ ಠೀವಿ ಅವಕ್ಕಿಲ್ಲ. ಡೀಸೆಲ್ ವಾಸನೆ ಧಾರಾಳ! ಆದರೆ ದ್ವೀಪದ ಬಳಿ ನೀರಿಗಿಳಿದರೆ ಹವಳ, ಬಣ್ಣಬಣ್ಣದ ಗಿಳಿಮೀನು ಕಣ್ಣೆದುರೇ. ಮೇಲೆ ಬಿಳಿಹೊಟ್ಟೆಯ ಕಡಲಹದ್ದು. ಇಂಥ ಜಾಗವನ್ನು ನೌಕಾಪಡೆ ಗುಂಡಿನ ಗುರಿ ಅಭ್ಯಾಸಕ್ಕೆ ಬಳಸಿತ್ತೆಂದರೆ ನಂಬುವುದು ಕಷ್ಟ.

ಊರ ಕೆರೆಯಲ್ಲಿ ಈಜು ಕಲಿತವರಿಗೂ ಇಲ್ಲಿ ಲೈಫ್ ಜಾಕೆಟ್ ಬೇಕೇ ಬೇಕು. ಕಡಲಿನ ಸೆಳೆತವೇ ಬೇರೆ. ಮುಂಗಾರು ಶುರುವಾದರೆ ದೋಣಿ ಬಂದ್, ಮತ್ತೆ ಹೊರಡುವುದು ಮಳೆ ತಗ್ಗಿದ ಮೇಲೆಯೇ.