ಹೊಸ ಅಧ್ಯಕ್ಷರ ಮೊದಲ ತಿಂಗಳುಗಳು

(ಬೆಟ್ಟಂಪಾಡಿಯಲ್ಲಿ ಗ್ರಾಮಸ್ಥರ ಮತ್ತು ಉಪಾಧ್ಯಾಯರ ಸಭೆಯಲ್ಲಿ ಮಾಡಿದ ಭಾಷಣ)



ಹೊಸ ಅಧ್ಯಕ್ಷರಾದವರು ಪದವಿಗೆ ಬಂದೊಡನೆ ಯಾವ ಯಾವ ಶಾಸನಕಾರ್ಯಗಳನ್ನು ಮುಂದಾಗಿ ಕೈಕೊಳ್ಳತಕ್ಕದ್ದೆಂಬ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ನನಗೆ ಅಪ್ಪಣೆಯಾಗಿದೆ. ವಿಷಯದ ಹೆಸರನ್ನು ಕೇಳಿದ ಕೂಡಲೇ ನಮ್ಮಲ್ಲಿಯ ಓದುಬಲ್ಲವರ ಮನಸ್ಸು ದಿಲ್ಲಿಗೋ ವಾಷಿಂಗ್ಟನ್ನಿಗೋ ಹಾರುವುದು. ಹಾರಲಿ, ನಾನೂ ಅಲ್ಲಿಂದಲೇ ಆರಂಭಿಸಿ ಬೇಗನೆ ಬೆಟ್ಟಂಪಾಡಿಗೆ ಇಳಿದು ಬರುವೆನು.

1933ನೆಯ ಇಸವಿ ಮಾರ್ಚಿ 4ರಂದು ಫ್ರಾಂಕ್ಲಿನ್ ರೂಸ್‌ವೆಲ್ಟರು ಅಮೆರಿಕದ ಅಧ್ಯಕ್ಷಪದವಿಯನ್ನು ವಹಿಸಿಕೊಂಡಾಗ ಆ ದೇಶದ ಬೇಂಕುಗಳು ಬಾಗಿಲಿಕ್ಕಿದ್ದುವು. ಅವರು ಶಾಸನಸಭೆಯ ವಿಶೇಷಾಧಿವೇಶನವನ್ನು 9ನೆಯ ತಾರೀಖಿಗೆ ಕರೆಸಿದರು. ಬೇಂಕುಗಳ ಕಾಯಿದೆಯು ಅದೇ ದಿನ ಸಭೆಯ ಮುಂದೆ ಬಂದು, ಅದೇ ದಿನ ಅಂಗೀಕಾರವಾಗಿ, ಅದೇ ದಿನ ಅಧ್ಯಕ್ಷರ ಸಹಿಯನ್ನೂ ಪಡೆಯಿತು. ಜೂನ್ 16ರಂದು ಅಧಿವೇಶನವು ಮುಗಿಯುವಷ್ಟರಲ್ಲಿ ಹದಿನೈದರಷ್ಟು ದೊಡ್ಡ ಕಾಯಿದೆಗಳು ಆಗಿಹೋಗಿದ್ದುವು. ಹೊಸ ಅಧಿಕಾರಿಗಳನ್ನು ಅವರ ಮೊದಲ ನೂರು ದಿನಗಳಿಂದ ಅಳೆಯುವ ಪದ್ಧತಿಯು ಅಮೆರಿಕದಲ್ಲಿ ಅಂದಿನಿಂದ ಬೇರೂರಿತು. ಎಲ್ಲರೂ ಆ ವೇಗವನ್ನೇ ಹೊಗಳುತ್ತಾರೆ. ನನಗೆ ಮುಖ್ಯವಾಗಿ ತೋರುವುದು ಅವರು ಹಿಡಿದ ಕ್ರಮ. ಕಾಡು ಬೆಳೆಸುವುದು, ಅಣೆಕಟ್ಟು ಕಟ್ಟುವುದು, ರೈತರಿಗೆ ಬೆಲೆ ಕೊಡಿಸುವುದು ಎಲ್ಲವೂ ಆಮೇಲೆ ಬಂದುವು. ಜನರ ಹಣವು ಎಲ್ಲಿದೆ, ಹೇಗಿದೆ ಎಂಬ ಪ್ರಶ್ನೆಗೆ ಮೊದಲು ಉತ್ತರವು ದೊರೆಯಿತು.

ಈಗ ನಮ್ಮ ಅಧ್ಯಕ್ಷರು. ಬೆಟ್ಟಂಪಾಡಿಯಲ್ಲಾಗಲಿ, ನೆರೆಯ ಪಾಣಾಜೆಯಲ್ಲಾಗಲಿ ಅಧ್ಯಕ್ಷರೆಂದರೆ ಪಂಚಾಯತಿಯ ಅಧ್ಯಕ್ಷರು. ಇವರಿಗೂ ಶಾಸನಕಾರ್ಯವುಂಟೇ ಎಂದು ಕೆಲವರು ನಗಬಹುದು. ಶಾಸನವೆಂಬ ನಮ್ಮ ಮಾತಿಗೆ ಎರಡು ಅರ್ಥಗಳಿವೆ. ಸರಕಾರವು ಮಾಡುವ ಕಾಯಿದೆಯೂ ಶಾಸನವೇ, ದೇವಸ್ಥಾನದ ಅಂಗಳದಲ್ಲಿ ನೆಟ್ಟ ಬರಹದ ಕಲ್ಲೂ ಶಾಸನವೇ. ಇಷ್ಟು ಭೂಮಿಯನ್ನು ಇಂಥ ಕೆರೆಗೆ ಬಿಟ್ಟಿದೆ, ಇದನ್ನು ಇಂಥವರು ನೋಡಿಕೊಳ್ಳತಕ್ಕದ್ದು ಎಂದು ಊರ ನಡುವೆ ಕೆತ್ತಿ ನಿಲ್ಲಿಸಿದ ಬರಹವು ಕಣ್ಣಿಗೆ ಕಾಣುವಂಥದು. ಹೋಗುವವರು ಬರುವವರು ಅದನ್ನು ನೋಡುತ್ತಿದ್ದರು. ಇಂದಿನ ಪಂಚಾಯತಿಯ ನಡವಳಿ ಪುಸ್ತಕವೋ, ಕಪಾಟಿನೊಳಗೆ ಬೀಗದಲ್ಲಿರುವ ಶಾಸನ!

ಅಧಿಕಾರವೇನೋ ಇದೆ. ಸಂವಿಧಾನದ 73ನೆಯ ತಿದ್ದುಪಡಿಯು 1993ರ ಎಪ್ರಿಲ್ 24ರಂದು ಜಾರಿಗೆ ಬಂದು, ಕುಡಿಯುವ ನೀರು, ಚಿಕ್ಕ ನೀರಾವರಿ, ಶಾಲೆ, ಗ್ರಂಥಾಲಯ ಮೊದಲಾದ 29 ವಿಷಯಗಳನ್ನು ಹನ್ನೊಂದನೆಯ ಅನುಸೂಚಿಯಲ್ಲಿ ಪಂಚಾಯತಿಗಳಿಗಾಗಿ ಎತ್ತಿಟ್ಟಿತು. ಅದೇ ವರ್ಷ ಕರ್ನಾಟಕದ ಪಂಚಾಯತ್ ರಾಜ್ ಕಾಯಿದೆಯೂ ಬಂದಿತು. ಕರ ವಿಧಿಸುವುದು, ಆಯವ್ಯಯವನ್ನು ಮಂಜೂರು ಮಾಡುವುದು, ಕಾಯಿದೆಯ ಮಿತಿಯೊಳಗೆ ಉಪವಿಧಿಗಳನ್ನು ರಚಿಸುವುದು ಇವೆಲ್ಲವೂ ಅದರಲ್ಲಿವೆ. ಇವು ಸುಮ್ಮನೆ ಬಂದುವಲ್ಲ. 1956ರ ನವೆಂಬರ್ 1ಕ್ಕೆ ಮೊದಲು ಈ ಊರಿನ ಕಾನೂನುಗಳು ಮದರಾಸಿನಲ್ಲಿ ಹುಟ್ಟುತ್ತಿದ್ದುವು. ಕನ್ನಡ ನಾಡು ಒಂದಾದ ಬಳಿಕವೂ ರಾಜಧಾನಿಯ ಅಧಿಕಾರವು ಹಳ್ಳಿಗೆ ಇಳಿಯಲು ಮೂವತ್ತು ವರ್ಷಗಳೇ ಬೇಕಾದುವು. ರಾಮಕೃಷ್ಣ ಹೆಗಡೆಯವರ ಸರಕಾರದಲ್ಲಿ ಅಬ್ದುಲ್ ನಜೀರ್ ಸಾಬರು ಮುಂದೆ ನಿಂತು ಮಾಡಿಸಿದ ಕಾಯಿದೆಯಂತೆ 1987ರಲ್ಲಿ ಜಿಲ್ಲಾ ಪರಿಷತ್ತುಗಳಿಗೂ ಮಂಡಲ ಪಂಚಾಯತಿಗಳಿಗೂ ಚುನಾವಣೆ ನಡೆದು, ಸ್ತ್ರೀಯರಿಗೆ ನಾಲ್ಕರಲ್ಲೊಂದು ಪಾಲು ಸ್ಥಾನವು ದೊರೆಯಿತು. ಕೊಳವೆಬಾವಿಗಳನ್ನು ಕೊರೆಸಿದುದಕ್ಕಾಗಿ ಜನರು ಅವರನ್ನು ನೀರ್ ಸಾಬರೆಂದು ಕರೆದರು. ಅಧಿಕಾರವನ್ನು ತನ್ನ ಕೈಯಿಂದ ಬಿಟ್ಟುಕೊಟ್ಟ ಮಂತ್ರಿಯೆಂಬುದಕ್ಕೂ ಒಂದು ಹೆಸರಿರಬೇಕಾಗಿತ್ತು.

ಇಲ್ಲಿಂದ ಸ್ವಲ್ಪ ದೂರದಲ್ಲಿ, ಪಾಣಾಜೆಯನ್ನು ದಾಟಿದರೆ, ಕೇರಳದ ಎಣ್ಮಕಜೆ ಪಂಚಾಯತಿಯ ನೆಲ. ಆ ಜನರೂ ನಮ್ಮವರೇ. ತುಳು ಅದೇ, ಕನ್ನಡ ಅದೇ, ಅಡಕೆಯ ತೋಟವೂ ಅದೇ. 1956ರಲ್ಲಿ ಗೆರೆಯು ನಡುವೆ ಬಿದ್ದಿತು. ಚಂದ್ರಗಿರಿಯ ಉತ್ತರದ ನೆಲವು ಕನ್ನಡ ನಾಡಿಗೆ ಸೇರತಕ್ಕದ್ದೆಂದು ಮಹಾಜನ ಆಯೋಗವು 1967ರಲ್ಲಿ ಹೇಳಿತು. ಹೇಳಿದ್ದು ಕಾಗದದಲ್ಲೇ ಉಳಿಯಿತು. ಆ ನೋವನ್ನು ಇಲ್ಲಿ ವಿಸ್ತರಿಸುವುದಿಲ್ಲ. ಆದರೆ ಒಂದು ಸಂಗತಿಯನ್ನು ಎಷ್ಟು ಸಲ ಹೇಳಿದರೂ ನಮ್ಮವರು ಕಿವಿಗೆ ಹಾಕಿಕೊಳ್ಳುವುದಿಲ್ಲ. 1996ರಲ್ಲಿ ಕೇರಳ ಸರಕಾರವು ಜನಕೀಯ ಯೋಜನೆಯನ್ನು ಆರಂಭಿಸಿ, ತನ್ನ ಯೋಜನಾ ವೆಚ್ಚದಲ್ಲಿ ನೂರಕ್ಕೆ 35ರಿಂದ 40ರಷ್ಟು ಪಾಲನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟುಕೊಡಲು ನಿರ್ಧರಿಸಿತು. ಅಲ್ಲಿಯ ಕೃಷಿಭವನ, ಪ್ರಾಥಮಿಕ ಆರೋಗ್ಯಕೇಂದ್ರಗಳ ಮೇಲೆ ಗ್ರಾಮ ಪಂಚಾಯತಿಗೆ ಹಿಡಿತವುಂಟು. ಗೆರೆಯಾಚೆಯ ಕನ್ನಡಿಗನಿಗೆ ಪಂಚಾಯತಿಯ ಅಧಿಕಾರವಿದೆ, ತನ್ನ ಭಾಷೆಗಾಗಿ ಅವನು ಹೋರಾಡಬೇಕು. 2017ರಲ್ಲಿ ಮಲಯಾಳ ಕಲಿಕೆಯನ್ನು ಕಡ್ಡಾಯಗೊಳಿಸಿದ ಕಾಯಿದೆ ಬಂದಾಗ ಕಾಸರಗೋಡಿನ ಕನ್ನಡಿಗರು ಬೀದಿಗಿಳಿದರು. ಗೆರೆಯೀಚೆಯ ನಮಗೆ ಭಾಷೆಯಿದೆ. ಕಾಗದದಲ್ಲಿ ಅಧಿಕಾರವೂ ಇದೆ, ಆದರೆ ಅದನ್ನು ಎತ್ತಿಕೊಳ್ಳುವ ಕೈ ಇಲ್ಲ.

ಕೈ ಇದ್ದವರು ಯಾರು ಎಂದು ಕೇಳಿದರೆ ನೆರೆಯಿಂದಲೇ ಒಂದು ಉದಾಹರಣೆ. ಕಾಸರಗೋಡಿನ ವಿಲೀನಕ್ಕಾಗಿ ಬಾಳೆಲ್ಲ ದುಡಿದ ಕಯ್ಯಾರ ಕಿಞ್ಞಣ್ಣ ರೈಗಳು ಕವಿಗಳೆಂದು ನಿಮಗೆಲ್ಲ ಗೊತ್ತು. ಅವರು ಉಪಾಧ್ಯಾಯರು, ಬದಿಯಡ್ಕ ಪಂಚಾಯತಿಯ ಅಧ್ಯಕ್ಷರೂ ಆಗಿದ್ದರು. ಪ್ರಾಂತದ ಗಡಿಯ ಪ್ರಶ್ನೆಯನ್ನು ಹೆಗಲ ಮೇಲೆ ಹೊತ್ತವರಿಗೆ ಹಳ್ಳಿಯ ದಾರಿದೀಪದ ಕೆಲಸವು ಕೀಳೆಂದು ಕಾಣಲಿಲ್ಲ. ಈ ಸಭೆಯಲ್ಲಿರುವ ಉಪಾಧ್ಯಾಯರು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕೆಂದು ಬೇಡುತ್ತೇನೆ.

ಇನ್ನು ಕಾಲದ ಮಾತು. 2015ರ ತಿದ್ದುಪಡಿಯು ಅಧ್ಯಕ್ಷರಿಗೆ ಐದು ವರ್ಷಗಳ ಅವಧಿಯನ್ನು ಕೊಟ್ಟಿತು. 2020ರಲ್ಲಿ ಅದನ್ನು 30 ತಿಂಗಳಿಗೆ ಇಳಿಸಿದರು. ಮೂವತ್ತು ತಿಂಗಳೆಂದರೆ ಎರಡು ಬೇಸಗೆ, ಬಹಳವಾದರೆ ಮೂರು. ಹಾರ ಹಾಕಿಸಿಕೊಳ್ಳುವುದರಲ್ಲಿ ಎರಡು ತಿಂಗಳು, ಕಾಗದಪತ್ರಗಳನ್ನು ಅರ್ಥ ಮಾಡಿಕೊಳ್ಳುವುದರಲ್ಲಿ ನಾಲ್ಕು ತಿಂಗಳು, ಕಡೆಯ ಆರು ತಿಂಗಳು ಮುಂದಿನವರು ಯಾರೆಂಬ ಚರ್ಚೆ. ಉಳಿದುದೆಷ್ಟು, ನೀವೇ ಕಳೆದು ನೋಡಿರಿ. ಹಿಂದೆ ನಾನು ಸದಸ್ಯನಾಗಿದ್ದ ಒಂದು ಪಂಚಾಯತಿಯಲ್ಲಿ ಮೊದಲ ಸಭೆಯ ಮೊದಲ ನಿರ್ಣಯವು ಅಧ್ಯಕ್ಷರ ಕೊಠಡಿಗೆ ಬಣ್ಣ ಬಳಿಯುವ ಬಗೆಗಾಗಿತ್ತು. ಎರಡನೆಯದು ಸ್ವಾಗತದ ಕಮಾನು. ನಾನೂ ಕೈ ಎತ್ತಿದೆನು. ಆ ಬೇಸಗೆ ಗುಡ್ಡದ ಮೇಲಿನ ಹನ್ನೆರಡು ಮನೆಗಳವರು ಟ್ಯಾಂಕರಿನ ನೀರಿಗಾಗಿ ಕಮಾನಿನ ಕೆಳಗೇ ಕಾದು ನಿಂತರು. ಆ ಕೈಯನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

ಆದುದರಿಂದ ನನ್ನ ಅಭಿಪ್ರಾಯದಲ್ಲಿ ಹೊಸ ಅಧ್ಯಕ್ಷರ ಮೊದಲ ನಿರ್ಣಯವು ಅಧ್ಯಕ್ಷರನ್ನೇ ಕಟ್ಟುವಂಥದಾಗಿರಬೇಕು. ಪ್ರತಿ ತಿಂಗಳ ಜಮಾಖರ್ಚನ್ನೂ, ಸಭೆಯ ನಡವಳಿಯನ್ನೂ ಕನ್ನಡದಲ್ಲಿ, ಎಲ್ಲರಿಗೂ ತಿಳಿಯುವ ಕನ್ನಡದಲ್ಲಿ, ಪಂಚಾಯತಿಯ ಗೋಡೆಗೆ, ಶಾಲೆಯ ಗೋಡೆಗೆ, ಹಾಲಿನ ಸೊಸೈಟಿಯ ಗೋಡೆಗೆ ಅಂಟಿಸತಕ್ಕದ್ದು. ಇದರಲ್ಲಿ ತಪ್ಪಿದರೆ ಮುಂದಿನ ಸಭೆಯಲ್ಲಿ ಅಧ್ಯಕ್ಷರೇ ಕಾರಣವನ್ನು ಹೇಳತಕ್ಕದ್ದು. ಇದಕ್ಕೆ ಬೆಂಗಳೂರಿನ ಅನುಮತಿ ಬೇಡ, ಕಾಗದದ ಖರ್ಚು ಮಾತ್ರ. ಗ್ರಾಮಸಭೆಯು ಆರು ತಿಂಗಳಿಗೊಮ್ಮೆಯಾದರೂ ಸೇರಬೇಕೆಂದು ಕಾಯಿದೆಯಲ್ಲಿದೆ. ಮತದಾರರ ಹತ್ತರಲ್ಲೊಂದು ಪಾಲು ಅಥವಾ ನೂರು ಮಂದಿ, ಯಾವುದು ಕಡಿಮೆಯೋ ಅಷ್ಟು ಜನರಿರಬೇಕು. ವರ್ಷಕ್ಕೊಮ್ಮೆ ಜಮಾಬಂದಿಯೂ ಇದೆ. ಆದರೆ ಸರಕಾರದ ಸುತ್ತೋಲೆಗಳ ಕನ್ನಡವು ಕನ್ನಡಿಗರಿಗೇ ತಿಳಿಯದಂಥದು. ಬರಹವು ಕನ್ನಡದಲ್ಲಿರಲಿ, ಓದಿ ಹೇಳುವಾಗ ತುಳುವಿನಲ್ಲಿ ಹೇಳಿದರೆ ತಪ್ಪೇನು? ಅಜ್ಜಿಯೊಬ್ಬಳು ‘ಅವು ಏತ್ ರೂಪಾಯಿ?’ ಎಂದು ಕೇಳುವಂತಾದರೆ ಕನ್ನಡಕ್ಕೆ ಏನೂ ನಷ್ಟವಿಲ್ಲ.

ಪುತ್ತೂರಿನವರಿಗೆ ಈ ಮಾತು ಹೊಸತಾಗಬಾರದು. ಮೊಳಹಳ್ಳಿ ಶಿವರಾಯರು ಸಹಕಾರ ಸಂಘಗಳನ್ನು ಕಟ್ಟಿದುದು, 1914ರಲ್ಲಿ ಜಿಲ್ಲೆಯ ಕೇಂದ್ರ ಸಹಕಾರಿ ಬೇಂಕು ಆರಂಭವಾದುದು ಇದೇ ಪುತ್ತೂರಿನಲ್ಲಿ. ಸದಸ್ಯನಾದವನು ಲೆಕ್ಕ ಕೇಳಬಹುದೆಂಬ ಧೈರ್ಯವನ್ನು ನಮ್ಮ ರೈತರು ಆ ಸಂಘಗಳಲ್ಲಿ ಕಲಿತರು. ಸೊಸೈಟಿಯಲ್ಲಿ ಕೇಳುವವರು ಪಂಚಾಯತಿಯಲ್ಲಿ ಬಾಯಿ ಕಟ್ಟಿ ಕುಳಿತುಕೊಳ್ಳುವುದೇಕೋ ನನಗೆ ಅರ್ಥವಾಗುವುದಿಲ್ಲ.

ಎರಡನೆಯದು ನೀರು. ಇದರಲ್ಲಿ ತಿಥಿಯನ್ನು ಗೊತ್ತುಮಾಡುವುದು ಮಳೆ, ಅಧ್ಯಕ್ಷರಲ್ಲ. ನಮ್ಮಲ್ಲಿ ವರ್ಷಕ್ಕೆ 3,500 ಮಿಲ್ಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಅದರ ಬಹುಭಾಗವು ನಾಲ್ಕು ತಿಂಗಳಲ್ಲಿ ಮುರಕಲ್ಲಿನ ಗುಡ್ಡಗಳಿಂದ ಇಳಿದು ಕಡಲನ್ನು ಸೇರುತ್ತದೆ. ಎಪ್ರಿಲಿನಲ್ಲಿ ಕೊಳವೆಬಾವಿಯ ಯಂತ್ರವು ರಾತ್ರಿಯೆಲ್ಲ ಗುಡುಗುತ್ತದೆ. ನಮ್ಮ ಹಿರಿಯರು ತೋಡುಗಳಿಗೆ ಮಣ್ಣು, ಕಲ್ಲು, ಅಡಕೆ ಮರಗಳಿಂದ ಕಟ್ಟ ಕಟ್ಟುತ್ತಿದ್ದರು. ಮಳೆ ನಿಂತು ಹರಿವು ಸಣ್ಣದಾದರೂ ಬತ್ತದಿರುವಾಗ, ನವೆಂಬರು ದಶಂಬರುಗಳಲ್ಲಿ, ಆ ಕೆಲಸವು ಆಗಬೇಕು. ಜನವರಿಯಲ್ಲಿ ಕಟ್ಟಿದರೆ ಕಟ್ಟದ ಹಿಂದೆ ನಿಲ್ಲುವುದು ಗಾಳಿ. ಕಾಸರಗೋಡಿನ ಏತಡ್ಕದಲ್ಲಿ ಮನೆಗಳವರು ಕೂಡಿ ಸಾಲುಕಟ್ಟಗಳನ್ನು ಉಳಿಸಿಕೊಂಡು ಬಂದರು. ಬಂಟ್ವಾಳ ತಾಲೂಕಿನ ಅಡ್ಯನಡ್ಕದ ಬಳಿಯ ಅಮೈ ಮಹಾಲಿಂಗ ನಾಯ್ಕರು ಒಣಗುಡ್ಡದಲ್ಲಿ ಒಬ್ಬರೇ ಸುರಂಗಗಳನ್ನು ತೋಡಿದರು. ಹಲವು ಸುರಂಗಗಳು ವ್ಯರ್ಥವಾದರೂ ಬಿಡದೆ ನೀರನ್ನು ಕಂಡು ತೋಟವನ್ನು ಎಬ್ಬಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು. ಒಬ್ಬ ಕೂಲಿಕಾರರು ಒಂದು ಹಾರೆಯಿಂದ ಮಾಡಿದುದನ್ನು ಪಂಚಾಯತಿಯು ಮಾಡಲಾರದೆಂದರೆ ನಂಬುವವರಾರು?

ಆದುದರಿಂದ ಎರಡನೆಯ ನಿರ್ಣಯದಲ್ಲಿ ಈ ಗ್ರಾಮಗಳ ತೋಡುಗಳ, ಮದಕಗಳ, ಹಳೆಯ ಕಟ್ಟದ ಜಾಗಗಳ ಪಟ್ಟಿಯಿರಲಿ. ಯಾವ ಕಟ್ಟಕ್ಕೆ ಯಾವ ಮನೆಗಳವರು ಹೊಣೆ, ಪಂಚಾಯತಿಯಿಂದ ಎಷ್ಟು ಹಣ, ಯಾವ ತಾರೀಖಿನೊಳಗೆ ಎಂಬುದು ದೀಪಾವಳಿಗೆ ಮೊದಲೇ ಬರಹದಲ್ಲಿರಲಿ. ಪಟ್ಟಿಯನ್ನು ಮಾಡುವವರು ಯಾರೆಂದರೆ ಶಾಲೆಯ ಮಕ್ಕಳು. ಉಪಾಧ್ಯಾಯರೊಡನೆ ಎರಡು ಶನಿವಾರ ತೋಡಿನುದ್ದಕ್ಕೆ ನಡೆದರೆ ಮುಗಿಯಿತು. ಹೊಸ ಮನೆಗೆ ಪರವಾನಗಿ ಕೊಡುವಾಗ ಮಳೆನೀರಿನ ಇಂಗುಗುಂಡಿಯ ಷರತ್ತಿರಬೇಕೆಂಬ ಉಪವಿಧಿಯನ್ನು ರಚಿಸಿ ಮೇಲಿನವರ ಒಪ್ಪಿಗೆಗೆ ಕಳುಹಿಸಲಿ. ಒಪ್ಪಿಗೆಗೆ ತಿಂಗಳುಗಳು ಹಿಡಿಯುವುವು. ಅದಕ್ಕಾಗಿಯೇ ಮೊದಲ ತಿಂಗಳಲ್ಲಿ ಕಳುಹಿಸಬೇಕು. ಹಣವಿಲ್ಲವೆಂಬ ನೆಪವೂ ಸಲ್ಲದು. 2021ರಿಂದ 2026ರ ತನಕದ ಐದು ವರ್ಷಗಳಿಗೆ ಹದಿನೈದನೆಯ ಹಣಕಾಸು ಆಯೋಗವು ಗ್ರಾಮ ಪಂಚಾಯತಿಗಳ ಅನುದಾನದಲ್ಲಿ ನೂರಕ್ಕೆ 60ರಷ್ಟನ್ನು ಕುಡಿಯುವ ನೀರು, ಮಳೆನೀರ ಸಂಗ್ರಹ, ನೈರ್ಮಲ್ಯಗಳಿಗೇ ಮೀಸಲಿಟ್ಟಿತ್ತು. ಆ ಹಣವು ನಮ್ಮ ಸುತ್ತಿನಲ್ಲಿ ಎಷ್ಟು ಕಟ್ಟಗಳಾಗಿ ಕಾಣುತ್ತಿದೆ, ಎಷ್ಟು ಪೈಪುಗಳಾಗಿ ಮಣ್ಣಿನಡಿಯಲ್ಲಿದೆ ಎಂಬುದನ್ನು ಗ್ರಾಮಸಭೆಯಲ್ಲಿ ಕೇಳಬಹುದು.

ಗ್ರಂಥಾಲಯದ ವಿಷಯವನ್ನು ಚಿಕ್ಕದಾಗಿ ಮುಗಿಸುವೆನು. 1965ರ ಕಾಯಿದೆಯಂತೆ ನಾವು ಮನೆತೆರಿಗೆಯೊಡನೆ ಗ್ರಂಥಾಲಯ ಕರವನ್ನೂ ಕೊಡುತ್ತೇವೆ. 2019ರಲ್ಲಿ ಹಳ್ಳಿಯ ಗ್ರಂಥಾಲಯಗಳು ಪಂಚಾಯತಿಯ ಇಲಾಖೆಯ ಕೈಗೆ ಬಂದುವು. ಮರುವರ್ಷ ‘ಓದುವ ಬೆಳಕು’ ಎಂಬ ಹೆಸರಿನಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವವು ದೊರೆಯಿತು. ಗೆರೆಯಾಚೆಯ ಕನ್ನಡ ಶಾಲೆಯ ಮಗುವೊಂದು ಪಾಣಾಜೆಯ ದಾರಿಯಾಗಿ ಬಂದು ಪುಸ್ತಕವನ್ನು ಕೇಳಿದರೆ ‘ನೀನು ಬೇರೆ ರಾಜ್ಯ’ ಎಂದು ಹಿಂದೆ ಕಳುಹಿಸಬೇಕೇ? ಆ ಮಗುವಿಗೂ ಪುಸ್ತಕವನ್ನು ಕೊಡತಕ್ಕದ್ದೆಂದು ಒಂದು ಸಾಲಿನ ನಿರ್ಣಯವು ಸಾಕು. ಏಕೀಕರಣದಲ್ಲಿ ಉಳಿದುಹೋದ ಕೆಲಸವನ್ನು ಪಂಚಾಯತಿಯು ಇಷ್ಟರಮಟ್ಟಿಗೆ ಮಾಡಬಲ್ಲುದು.

ಕಡೆಯದಾಗಿ ಸ್ತ್ರೀಯರ ಮಾತು. 2010ರ ತಿದ್ದುಪಡಿಯಿಂದ ಅರ್ಧದಷ್ಟು ಸ್ಥಾನಗಳು ಅವರವು. ಅನೇಕ ಕಡೆಗಳಲ್ಲಿ ಅಧ್ಯಕ್ಷೆಯ ಕುರ್ಚಿಯ ಪಕ್ಕದಲ್ಲಿ ಅವರ ಯಜಮಾನರಿಗೊಂದು ಕುರ್ಚಿಯಿರುವುದನ್ನು ನಾನು ಕಂಡಿದ್ದೇನೆ. ಮೊದಲ ಸಭೆಯಲ್ಲಿಯೇ ಆ ಎರಡನೆಯ ಕುರ್ಚಿಯನ್ನು ಹೊರಗಿಡಿಸಿರಿ. ಇದಕ್ಕೆ ನಿರ್ಣಯವೂ ಬೇಡ, ಜವಾನನಿಗೆ ಹೇಳಿದರೆ ಸಾಕು. ಅಮ್ಮಂದಿರೇ, ಹೇಳುವವರು ಮಾತ್ರ ನೀವೇ ಆಗಬೇಕು.

ಮುಂದಿನ ಗ್ರಾಮಸಭೆಗೆ ದೇವರು ಆಯುಷ್ಯವನ್ನು ಕೊಟ್ಟರೆ ನಾನೂ ಬರುವೆನು. ಹಿಂದಿನ ಸಾಲಿನಲ್ಲಿ ಕುಳಿತು, ನಡವಳಿ ಪುಸ್ತಕದ ಮೊದಲ ಪುಟವನ್ನು ಗಟ್ಟಿಯಾಗಿ ಓದಿರೆಂದು ಕೇಳುವೆನು. ನನ್ನ ಪಕ್ಕದಲ್ಲಿ ಜಾಗವಿರುತ್ತದೆ. ನೀವೂ ಬಂದು ಕೇಳಿರಿ.