ಕಳಲೆ: ಮೆಳೆಯಿಂದ ಒಲೆಗೆ

ಮುಂಗಾರು ನೆಲವನ್ನು ನೆನೆಸಿದ ಮೇಲೆ ಮಲೆನಾಡಿನ ಕಾಡುಗಳಲ್ಲಿ ದೊರೆಯುವ ಅಣಬೆ, ಕೆಸು, ತಗಟೆಸೊಪ್ಪು ಮೊದಲಾದ ಆಹಾರಗಳ ಸಾಲಿನಲ್ಲಿ ಕಳಲೆಗೆ ದೀರ್ಘವಾದ ಚರಿತ್ರೆಯಿದೆ. ಕಳಲೆಯೆಂದರೆ ಬಿದಿರಿನ ಎಳೆಯ ಮೊಳಕೆ. ತುಳುವರು ಇದನ್ನು ಕಣಿಲೆಯೆಂದೂ ಕೊಡವರು ಬೈಂಬಳೆಯೆಂದೂ ಕರೆಯುತ್ತಾರೆ. ನೆಲದೊಳಗಿನ ಗುಪ್ತಕಾಂಡದಲ್ಲಿ ಬಿದಿರು ಕೂಡಿಟ್ಟುಕೊಂಡ ಸತ್ವವು ಮಳೆಯ ತೇವ ಸಿಕ್ಕಿದೊಡನೆ ಮೊಳಕೆಯಾಗಿ ಮೇಲೇಳುತ್ತದೆ. ನಾರುಗಟ್ಟುವ ಮುನ್ನ ಕಡಿದರೆ ಮಾತ್ರ ಅದು ಅಡುಗೆಗೆ ಒದಗುತ್ತದೆ.

ಹಳೆಯ ಅಕ್ಕಿ ಮುಗಿದು ಹೊಸ ಬೆಳೆ ಇನ್ನೂ ಗದ್ದೆಯಲ್ಲಿರುವ ತುಳುನಾಡಿನ ಆಟಿ ತಿಂಗಳಲ್ಲಿ ಕಳಲೆ ಹಸಿವಿಗೆ ಆಸರೆಯಾಗಿತ್ತು. ಆದರೂ ಇದನ್ನು ಬಡವರ ಆಹಾರವೆಂದಷ್ಟೇ ಎಣಿಸುವಂತಿಲ್ಲ. 16ನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸನು ಷಟ್ಪದಿಯಲ್ಲಿ ರಚಿಸಿದ ‘ಸೂಪಶಾಸ್ತ್ರ’ವೆಂಬ ಪಾಕಗ್ರಂಥದಲ್ಲಿ ಕಳಲೆಯ ಅಡುಗೆಗಳಿಗೂ ಸ್ಥಾನ ದೊರೆತಿದೆ.

ಹಸಿ ಕಳಲೆಯನ್ನು ಕತ್ತರಿಸಿದಾಗ ಅದರಲ್ಲಿರುವ ಟ್ಯಾಕ್ಸಿಫಿಲಿನ್ ಎಂಬ ಕಹಿ ವಸ್ತು ಒಡೆದು ಸಯನೈಡ್ ವಿಷ ಬಿಡುಗಡೆಯಾಗುತ್ತದೆ. ರಸಾಯನಶಾಸ್ತ್ರ ಈ ಹೆಸರನ್ನಿಡುವುದಕ್ಕೆ ಬಹುಕಾಲ ಮೊದಲೇ ಅಡುಗೆಮನೆ ಪರಿಹಾರ ಕಂಡುಕೊಂಡಿತ್ತು: ಹೊರಪೊರೆಗಳನ್ನು ಸುಲಿದು, ಎಳೆಯ ಭಾಗವನ್ನು ಸಣ್ಣಗೆ ಹೆಚ್ಚಿ, ದಿನಕ್ಕೊಮ್ಮೆ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸಿ, ಚೆನ್ನಾಗಿ ಬೇಯಿಸುವುದು. ವಿಷವು ನೀರಿನಲ್ಲಿ ಕರಗುವುದರಿಂದಲೂ ಬಿಸಿಗೆ ಆವಿಯಾಗುವುದರಿಂದಲೂ ಈ ಕ್ರಮ ಫಲಿಸುತ್ತದೆ. ಆ ಬಳಿಕವೇ ಕಳಲೆ ಮೊಳಕೆಕಟ್ಟಿದ ಹೆಸರುಕಾಳಿನೊಡನೆ ಗಸಿಯಾಗುತ್ತದೆ ಅಥವಾ ಉಪ್ಪುನೀರಿನ ಭರಣಿ ಸೇರುತ್ತದೆ.

ಹೀಗೆ ಅಡುಗೆಮನೆಗೆ ಚಿರಪರಿಚಿತವಾಗಿದ್ದ ಬಿದಿರನ್ನು ಕಾನೂನು ಬೇರೆ ಬಗೆಯಲ್ಲಿ ಕಂಡಿತು. ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಉತ್ತರ ಕನ್ನಡದಲ್ಲಿ 1878ರ ಭಾರತೀಯ ಅರಣ್ಯ ಕಾಯ್ದೆಯೂ ದಕ್ಷಿಣ ಕನ್ನಡದಲ್ಲಿ 1882ರ ಮದರಾಸು ಅರಣ್ಯ ಕಾಯ್ದೆಯೂ ಕಾಡನ್ನು ಸರ್ಕಾರದ ಹಿಡಿತಕ್ಕೆ ತಂದವು. ಮೀಸಲು ಅರಣ್ಯದಲ್ಲಿ, ಅಂದರೆ ಸರ್ಕಾರ ತನಗಾಗಿ ಕಾಯ್ದಿರಿಸಿದ ಕಾಡಿನಲ್ಲಿ, ಅನುಮತಿಯಿಲ್ಲದ ಸಂಗ್ರಹ ಅಪರಾಧವಾಯಿತು. 1927ರ ಕಾಯ್ದೆ ಬಿದಿರನ್ನು ‘ಮರ’ದ ವ್ಯಾಖ್ಯೆಯಲ್ಲಿ ಸೇರಿಸಿತು, ಸಸ್ಯಶಾಸ್ತ್ರದ ಪ್ರಕಾರ ಅದು ಹುಲ್ಲಿನ ಕುಟುಂಬಕ್ಕೆ ಸೇರಿದ್ದರೂ.

2006ರ ಅರಣ್ಯ ಹಕ್ಕು ಕಾಯ್ದೆಯು ಬಿದಿರನ್ನು ಕಿರು ಅರಣ್ಯ ಉತ್ಪನ್ನವೆಂದು, ಅಂದರೆ ನಾಟಾ ಅಲ್ಲದ ಸಸ್ಯಮೂಲದ ಸಂಗ್ರಹವೆಂದು ಪರಿಗಣಿಸಿ, ಅದರ ಮೇಲಿನ ಹಕ್ಕನ್ನು ಪರಿಶಿಷ್ಟ ಪಂಗಡಗಳಿಗೂ ಇತರ ಪಾರಂಪರಿಕ ಅರಣ್ಯವಾಸಿಗಳಿಗೂ ಮಾನ್ಯಮಾಡಿತು. ಮೆಳೆಯಲ್ಲಿ ಮುಂದಿನ ಬಿದಿರಿಗಾಗಿ ಕೆಲವು ಮೊಳಕೆಗಳನ್ನು ಉಳಿಸುವ ವಿವೇಕವೂ ಪಾತ್ರೆಯ ಕಹಿನೀರನ್ನು ದಿನದಿನವೂ ಚೆಲ್ಲುವ ತಾಳ್ಮೆಯೂ ಆ ಹಕ್ಕಿನ ಜೊತೆಗೆ ಸಾಗಿದಾಗಲೇ ಕಾಡಿನ ಕಳಲೆ ಊಟವಾಗುತ್ತದೆ.